ಜನವರಿ ಒಂದು

ಫರ್ಷಾನಾ ಶಿಬಿರದ ಮಕ್ಕಳೆಲ್ಲ
ಒಂದೇ ದಿನ ಹುಟ್ಟಿದವರು.
ತಾರೀಕು ಗೊತ್ತಿಲ್ಲದವರಿಗೆ ನಮ್ಮ ಕಚೇರಿ
ಜನವರಿ ಒಂದು ಕೊಡುತ್ತದೆ, ಕಂಬಳಿ ಕೊಟ್ಟ ಹಾಗೆ,
ಎಲ್ಲರಿಗೂ ಒಂದೇ ಅಳತೆ.

ಇವತ್ತು ನನ್ನ ಮೇಜಿನೆದುರು ಕಲ್ತೂಮಾ.
ಅಮ್ಮನ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ತಮ್ಮ,
ಅದರ ಚುಂಗು ಹಿಡಿದು ನಿಂತ ಇನ್ನೊಬ್ಬ.
ಜೆನೀನಾದಿಂದ ಗಡಿಗೆ ಮೂರು ರಾತ್ರಿ,
ಹಗಲೆಲ್ಲ ಒಣಹಳ್ಳದ ದಡದಲ್ಲಿ ಮಲಗಿ.
ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು, ಮಗ್ಗಿಯ ಹಾಗೆ.

ವಯಸ್ಸು?
"ಹದಿನೆಂಟು."
ಪ್ರಶ್ನೆ ಮುಗಿಯುವ ಮೊದಲೇ.
ಸಾಲಿನಲ್ಲಿ ಯಾರೋ ಹೇಳಿಕೊಟ್ಟಿರಬೇಕು:
ಹದಿನೆಂಟಾದರೆ ರೇಷನ್ ಕಾರ್ಡು ನಿನ್ನ ಹೆಸರಿಗೆ,
ಕಡಿಮೆಯಾದರೆ ತಮ್ಮಂದಿರು ಒಬ್ಬೊಬ್ಬ ಒಂದೊಂದು ಮನೆಗೆ.

ತಲೆ ಎತ್ತಿ ನೋಡಿದೆ.
ಅವಳ ನಾಲಿಗೆ ಕೆನ್ನೆಯ ಒಳಗೆ
ಏನನ್ನೋ ಅಲುಗಿಸುತ್ತಿತ್ತು, ಬಿಡುತ್ತಿತ್ತು, ಮತ್ತೆ ಅಲುಗಿಸುತ್ತಿತ್ತು.
ನನಗೂ ಮಗಳಿದ್ದಾಳೆ. ಆ ಚಾಳಿ ಗೊತ್ತು.
ಕೊನೆಯ ಹಾಲುಹಲ್ಲು.

ಬೆನ್ನ ಮೇಲಿನವನು ಹುಟ್ಟಿದ್ದು?
ಈಗ ಸುಳ್ಳು ಮರೆತೇಹೋಯಿತು ಅವಳಿಗೆ:
"ಸಜ್ಜೆ ತೆನೆ ಹಾಲು ತುಂಬಿತ್ತು. ಅಪ್ಪ ಆಡು ಮಾರಿ
ಸೂಲಗಿತ್ತಿಗೆ ಸಕ್ಕರೆ ತಂದ.
ನಾನು ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದೆ.
ಇವನ ಅಳು ಅಲ್ಲಿಗೇ ಕೇಳಿತು!"
ಇದಕ್ಕೆ ಫಾರಮಿನಲ್ಲಿ ಜಾಗವಿಲ್ಲ.

ಹನ್ನೆರಡು ಎಂದು ಬರೆದೆ.
ತಲೆಕೆಳಗಿನಿಂದಲೇ ಓದಿದಳು. ಶಾಲೆ ಕಂಡವಳು.
ಬೆನ್ನಿನ ಗಂಟು ಬಿಗಿಮಾಡಿಕೊಂಡಳು.
"ಹದಿನೆಂಟು," ಅಂದಳು.
ಆಮೇಲೆ, ಸಂತೆಯಲ್ಲಿ ಕೈಯಲ್ಲಿರುವ ಕಾಸು ಎಣಿಸಿ ನೋಡಿದವಳ ಹಾಗೆ,
"ಹೋಗಲಿ, ಹದಿನೇಳು."

ಅಡಿಯಲ್ಲಿ ಬರೆದೆ:
ಮೂವರೂ ಒಂದೇ ಸೂರಿನಡಿ. ಬೇರೆ ಮಾಡಕೂಡದು.
ಕಾರ್ಬನ್ನಿನ ಮೂರನೇ ಪ್ರತಿಗೂ ಇಳಿಯಲೆಂದು
ಪೆನ್ನು ಒತ್ತಿ ಒತ್ತಿ.
ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ.
ನಂಬಿದಳೋ ಇಲ್ಲವೋ.
ಸಹಿ ಹಾಕುವವರು ಅಬೆಶೆಯಲ್ಲಿದ್ದಾರೆ,
ಗುರುವಾರ ಬರಬಹುದು.

ಮಧ್ಯಾಹ್ನ ನೀರಿನ ಸರದಿ ಬಿಟ್ಟು ಓಡಿ ಬಂದಳು,
ಮುಷ್ಟಿ ಬಿಚ್ಚಿದಳು:
ಹಲ್ಲು. ತುದಿಯಲ್ಲಿ ಇಷ್ಟೇ ಇಷ್ಟು ರಕ್ತ.
"ನಮ್ಮಲ್ಲಿ ಇದನ್ನು ಸೂರ್ಯನಿಗೆ ಎಸೆಯುತ್ತಾರೆ.
ಇಲ್ಲಿ ಎಸೆಯಬಹುದಾ? ಯಾರನ್ನು ಕೇಳಬೇಕು?"

ನಮ್ಮಲ್ಲೂ ಹಾಗೇ ಅಂದೆ.
ಕಣ್ಣು ಕಿರಿದು ಮಾಡಿ, ತೋಳು ಬೀಸಿ, ಎಸೆದಳು,
ಗುಡಾರಗಳ ಪ್ಲಾಸ್ಟಿಕ್ ನೆತ್ತಿಯಾಚೆ.

ಅದನ್ನು ಹುಡುಕಿ ತರಲು
ನಡುವಿನ ತಮ್ಮ ಆಗಲೇ ಓಡುತ್ತಿದ್ದ.