ಹೊಲಿಗೆ

ಮೂಲೆಯ ಹಳೇ ಚಂದ್ರಿಕೆಯಲ್ಲಿ ಮೂರನೇ ಸಲ ಮರಿ ಹಾಕಿತ್ತು.
ಎರಡನ್ನು ನಾಯಿ ಎಳೆದವು.
ಒಂದು, ಗೂಡು ಬೇಯಿಸುವ ಬಾಣಲೆಗೆ—
ಅದು ಬೇಡ ಬಿಡಿ.

"ಹೆಸರು?" ಅಂದ ಚೀಟಿ ಬರೆಯುವ ಹುಡುಗ.
ನನ್ನದೋ, ಬೆಕ್ಕಿನದೋ?
"ಎರಡೂ."
ಫರ್ಹತ್ ಬಿ. ಅದು ಬರೀ ಬಿಲ್ಲಿ.

ರೇಷನ್ ಕಾರ್ಡಿಗೆ ಐವತ್ತು ರೂಪಾಯಿ.
ಗಂಟಿನಲ್ಲಿ ಅರವತ್ತಿತ್ತು;
ಉಳಿದ ಹತ್ತು, ಹಾಲಿಗೆ.

ಶಿಡ್ಲಘಟ್ಟದ ದನದಾಸ್ಪತ್ರೆ.
ಕೆಮ್ಮುವ ಎಮ್ಮೆಯ ಪಕ್ಕ, ಗೋಣಿಯ ಮೇಲೆ
ನಾಲಗೆ ಓರೆ ಮಾಡಿ ಮಲಗಿತ್ತು,
ಬೋಳಿಸಿದ ಹೊಟ್ಟೆಗೆ ನಾಲ್ಕು ಕಪ್ಪು ಗಂಟು.

ಇದ್ಯಾವ ದಾರ, ಡಾಕ್ಟ್ರೇ?
"ರೇಷ್ಮೆ."

ಬೆಂದು ಬಿಳಿಚಿದ ಬೆರಳಿಂದ ಮುಟ್ಟಿದೆ.
ಎಳೆ ಹದವಾಗಿದೆ, ಯಾರೋ
ನನ್ನಂಥವಳೇ ತೆಗೆದದ್ದು.

ನಾಲ್ಕನೆಯವನು ಹುಟ್ಟಿದ ವರ್ಷದ
ನನ್ನ ಹೊಟ್ಟೆಯ ಗೆರೆ
ಸೀರೆಯೊಳಗೆ
ಸಣ್ಣಗೆ ತುರಿಸಿತು.