ಎರಡನೇ ಗೇರಿನ ಬಳೆ

ಬೇಕಿರುವುದು ಒಂದು ಹಿತ್ತಾಳೆಯ ಬಳೆ.
ಹುಡುಗಿಯರ ಕೈಗಾಗುವಷ್ಟೇ ಅಗಲ, ಅಂಚಿಗೆ ಹಲ್ಲು.
ಸವೆದದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು
ಆರೋಗ್ಯದಾಸ್ ನನ್ನ ಅಂಗೈ ಮೇಲಿಟ್ಟ:
‘ನಿಮ್ ಸ್ಟೂಡೆಂಟ್ಸೇ ತಿಂದಾಕವ್ರೆ ಮೇಡಂ.
ಒಂದರಿಂದ ಎರಡಕ್ಕೆ ಹೋಗಕ್ಕೆ ಎಲ್ಲಾರ್ಗೂ ಅವಸರ.’

ನಿಜ. ಹದಿನಾಲ್ಕು ವರ್ಷ
ಸುಂಕದಕಟ್ಟೆಯ ಅಷ್ಟೂ ಅಂಜುಬುರುಕ ಕಾಲುಗಳು
ಅದೊಂದೇ ಕಾರಿನಲ್ಲಿ ತಡವರಿಸಿವೆ.

ಆ ಮಾಡೆಲ್ಲು ನಿಂತುಹೋಗಿದೆ.
ಬಳೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು
ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋದೆ,
ಅಡವಿಡಲು ಬಂದವಳ ಹಾಗೆ.
ಒಬ್ಬ ಬೆಳಕಿಗೆ ಹಿಡಿದು ನೋಡಿದ. ಒಬ್ಬ ಟೀ ಕುಡಿಸಿದ.
ಇನ್ನೊಬ್ಬ, ‘ಗಾಡಿ ಕೊಡ್ತೀರಾ? ತೂಕಕ್ಕೆ ತಗೋತೀನಿ’ ಅಂದ.
ದಿಲ್ಲಿಯ ಯಾರದೋ ಗೋಡೌನಿನಲ್ಲಿ ಎರಡಿವೆಯಂತೆ.
ಮಂಗಳವಾರ ಬರುತ್ತದಂತೆ.

ಮಂಗಳವಾರ ಬಂತು. ಅದೊಂದೇ ಬಂತು.
ಆಮೇಲಿನ ಮಂಗಳವಾರ ಲಾರಿ ನಾಗಪುರದಲ್ಲಿತ್ತು.
ಅದರಾಚೆಯದಕ್ಕೆ ಹಬ್ಬದ ರಜೆ.
ಫೋನು ಮಾಡಿದರೆ ಆರೋಗ್ಯದಾಸ್ ಈಗ
ಹಲೋ ಅನ್ನುವುದಿಲ್ಲ,
‘ಇಲ್ಲ’ ಅಂತಲೇ ಎತ್ತುತ್ತಾನೆ.

ಮುಂಗಡ ಕೊಟ್ಟವರು ಒಂಬತ್ತು ಜನ.
ಜ್ಞಾನಭಾರತಿಯ ಟ್ರ್ಯಾಕಿನಲ್ಲಿ ಎಂಟು ಬರೆಯಬೇಕಾದ ದಿನ
ಎರಡು ಸಲ ಮುಂದೆ ಹೋಯಿತು.
ಇಬ್ಬರು ದುಡ್ಡು ವಾಪಸ್ ಕೇಳಿದರು, ಕೊಟ್ಟೆ.
ಉಳಿದವರನ್ನು ತಾರಸಿಗೆ ಕರೆದೆ.

ಪ್ಲಾಸ್ಟಿಕ್ ಕುರ್ಚಿ. ಕೈಗೆ ಊಟದ ತಟ್ಟೆ.
ಮೂರು ಹವಾಯಿ ಚಪ್ಪಲಿ: ಕ್ಲಚ್ಚು, ಬ್ರೇಕು, ಆಕ್ಸಿಲೇಟರು.
ಎಡಗಡೆ ಮರಳು ತುಂಬಿದ ಬಕೆಟ್ಟಿನಲ್ಲಿ
ನೆಟ್ಟಗೆ ನಿಲ್ಲಿಸಿದ ಮುದ್ದೆಕೋಲು.
ನೀರಿನ ಟ್ಯಾಂಕು ಮಾಗಡಿ ರಸ್ತೆಯ ಸಿಗ್ನಲ್ಲು.
ಒಣಹಾಕಿದ ಸೀರೆ, ಎದುರಿಗೆ ಬರುವ ಬಸ್ಸು.

ಮೊದಲ ದಿನ ನಕ್ಕರು. ಪಕ್ಕದ ಮಹಡಿಯ ಹುಡುಗರು
ಬಾಯಲ್ಲೇ ಹಾರ್ನ್ ಹೊಡೆದರು.
ಜಬೀನ್ ನಗಲಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ
ಹನ್ನೊಂದು ವರ್ಷ ಜಿಪ್ಪು ಹೊಲಿದವಳು.
‘ಹಾಫ್ ಕ್ಲಚ್ ಅಂದ್ರೆ ಇಷ್ಟೇನಾ?
ಬಟ್ಟೆ ಮೂಲೆಗೆ ಬಂದಾಗ ಕಾಲು ಹಿಂಗೇ ತಾನೆ ಇಡೋದು’
ಅಂತ ಹಿಮ್ಮಡಿ ನೆಲಕ್ಕೂರಿ
ಚಪ್ಪಲಿಯ ಮೇಲಿಂದ ಬೆರಳನ್ನಷ್ಟೇ ಎತ್ತಿದಳು.
ಇಷ್ಟು ವರ್ಷದಲ್ಲಿ ಒಮ್ಮೆಯೂ
ನಾನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಪುಟ್ಟಗೌರಮ್ಮನವರು ಅರವತ್ತು ದಾಟಿದವರು,
ಕಾರು ಅಲುಗಿದರೆ ಕಣ್ಣು ಮುಚ್ಚುತ್ತಿದ್ದರು.
ತಾರಸಿಯಲ್ಲಿ ಮಾತ್ರ ಹೋಗಿಯೇ ಹೋದರು:
ಒಂದು, ಎರಡು, ಮೂರು ಅಂತ ಕೋಲು ಎಳೆಯುತ್ತ
ನೈಸ್ ರಸ್ತೆ ಹತ್ತಿ,
ಟೋಲಿನಲ್ಲಿ ಚಿಲ್ಲರೆಗೆ ಜಗಳವಾಡಿ.
‘ಎಲ್ಲಿದ್ದೀರಿ ಈಗ?’ ಅಂತ ಕೇಳಿದರೆ
‘ಸುಮ್ನಿರಮ್ಮ, ಎಡಗಡೆ ಲಾರಿ.’

ಸಂಜೆ ಗ್ಯಾರೇಜಿಗೆ ಹೋಗುತ್ತೇನೆ, ಕೇಳುವುದಕ್ಕಲ್ಲ.
ಹೊಂಗೆಯ ಕೆಳಗೆ ಕಾರು ಹೊಟ್ಟೆ ಬಿಚ್ಚಿಕೊಂಡು ನಿಂತಿದೆ.
ಎಲ್ ಬೋರ್ಡಿನ ಮೇಲೆಲ್ಲ ಉದುರಿದ ಹೂವು.
ನನ್ನ ಜಾಗದಲ್ಲಿ, ಎಡಗಡೆ, ಕೂರುತ್ತೇನೆ.
ನನ್ನ ಕಡೆ ಕ್ಲಚ್ಚುಂಟು, ಬ್ರೇಕುಂಟು.
ಆಕ್ಸಿಲೇಟರಿಲ್ಲ.
ಬೇರೆಯವರ ಅವಸರವನ್ನು ತಡೆಯುವುದು ನನ್ನ ಕಸುಬು,
ಈಗ ತಡೆಯೋಣವೆಂದರೆ
ಏನೂ ಹೊರಟಿಲ್ಲ.
ಕಾಲು ತಾನಾಗಿ ಬ್ರೇಕು ಒತ್ತುತ್ತದೆ, ಬಿಡುತ್ತದೆ.

ನಿನ್ನೆ ಯಶವಂತಪುರಕ್ಕೆ ಪೊಟ್ಟಣ ಬಂತು.
ಸೆಣಬಿನ ದಾರ, ಹಿಂದಿ ಪೇಪರು, ಅದರೊಳಗೆ ಗ್ರೀಸು,
ಗ್ರೀಸಿನೊಳಗೆ ಬಳೆ.
ಆರೋಗ್ಯದಾಸ್ ಹಲ್ಲು ಎಣಿಸಿದ. ಇನ್ನೊಮ್ಮೆ ಎಣಿಸಿದ.
‘ಮೂರನೇ ಗೇರಿಂದು ಮೇಡಂ.’
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.
‘ಎತ್ತಿಡು,’ ಅಂದೆ. ‘ಅದೂ ಸವೆಯೋದೇ.’

ಬೆಳಿಗ್ಗೆ ಏಳಕ್ಕೆ ತಾರಸಿಗೆ ಹತ್ತಿದರೆ
ಪುಟ್ಟಗೌರಮ್ಮ ಆಗಲೇ ಕುರ್ಚಿಯಲ್ಲಿ,
ಕನ್ನಡಕ ಏರಿಸಿ, ತಟ್ಟೆ ಬಿಗಿ ಹಿಡಿದು.
ತಿರುಗಿಯೂ ನೋಡದೆ ಅಂದರು:
‘ಬೇಗ ಹತ್ತಮ್ಮ, ಹೊತ್ತಾಯ್ತು.
ಬಾಗಿಲು ಸರಿಯಾಗಿ ಹಾಕ್ಕೋ.’