ತೊ

ನೋಡಲಿಕ್ಕೆ ಹಿಮ್ಮಡಿಗೆ ನೆಟ್ಟ ಜಾಲಿಮುಳ್ಳು.
ಬಾಗಿದ ಒಂದು ಗೆರೆ, ಅದರ ಬೆನ್ನಿಗೊಂದು ಸಣ್ಣ ಗೀರು.
‘ಇದು ತೊ’ ಅಂದರು ಶಕೀಲಾ ಮೇಡಂ
ಹದಡಿ ರಸ್ತೆಯ ಟೈರ್ ಅಂಗಡಿ ಮೇಲಿನ ಕೋಣೆಯಲ್ಲಿ.
ಕೆಳಗೆ ಪಂಚರ್ ಹುಡುಗ
ಟ್ಯೂಬನ್ನು ಬಾಂಡ್ಲಿಯ ನೀರಲ್ಲಿ ಅದ್ದಿ
ಗುಳ್ಳೆ ಏಳುವುದನ್ನು ಕಾಯುತ್ತಿದ್ದ.

‘ಯಾರ ಜೊತೆ ಅನ್ನೋದಕ್ಕೆ ತೊ.
ಹೆಸರು ಹೇಳಿ. ಪಕ್ಕದಲ್ಲಿ ಇದನ್ನ ಕೂರಿಸಿ. ಅಷ್ಟೇ.’

ನಾವು ಹನ್ನೊಂದು ಮಂದಿ, ನರ್ಸುಗಳೇ ಹೆಚ್ಚು,
ಅಲ್ಲಿಯ ಮುದುಕರನ್ನು ಎಬ್ಬಿಸಿ ಮೀಯಿಸಿ ಉಣಿಸಲಿಕ್ಕೆ
ಡಿಸೆಂಬರಿನಲ್ಲಿ ಪರೀಕ್ಷೆ ಬರೆಯಬೇಕಾದವರು.
ಕೊಟ್ರೇಶಿ ಎದ್ದು ನಿಂತ:
‘ತೊಮೊದಾಚಿ ತೊ ಮಂಡಕ್ಕಿ ಒ ತಬೆಮಾಸ್.’
ಗೆಳೆಯನ ಜೊತೆ ಮಂಡಕ್ಕಿ ತಿನ್ನುತ್ತಾನಂತೆ.
‘ಬರೀ ಮಂಡಕ್ಕೀನಾ? ಮೆಣಸಿನಕಾಯಿ ಎಲ್ಲೋ?’ ಅಂದರು ಮೇಡಂ.
ಮಂಡಕ್ಕಿಗೂ ಮೆಣಸಿನಕಾಯಿಗೂ ನಡುವೆ
ಬರುವುದು ಇದೇ ತೊ ಅಂತೆ.
ದಾವಣಗೆರೆಯವರಿಗೆ ಇದಕ್ಕಿಂತ ಸಲೀಸಾಗಿ
ಯಾವ ವ್ಯಾಕರಣ ಇಳಿದೀತು.

ನಮ್ಮಲ್ಲಿ ಹಾಗಲ್ಲ.
ಜೊತೆ ಬೇಕೆಂದರೆ ಮೊದಲು ಹೆಸರು ಬಗ್ಗಬೇಕು.
ಬಕ್ಕೇಶ ಬಕ್ಕೇಶನ ಆಗಬೇಕು,
ನಾನು ನನ್ನ ಆಗಬೇಕು.
ಅಲ್ಲಿ ಹೆಸರು ಹೆಸರಾಗಿಯೇ ಕೂತಿರುತ್ತದೆ,
ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದವರ ಹಾಗೆ
ತೊ ಮೈ ತಾಗಿಸದೆ ಕೂರುತ್ತದೆ.

ಒಬ್ಬಳೇ ಅನ್ನುವುದಕ್ಕೆ? ಕೇಳಿದೆ.
‘ಹಿತೊರಿ ದೆ. ಅಲ್ಲಿ ತೊ ಬರಲ್ಲಮ್ಮ.
ಚಾಕುವಿಂದ ಹೆಚ್ಚಿದೆ ಅಂತೀವಲ್ಲ, ಆ ಇಂದ.’
ಅಂದರೆ ನನ್ನಿಂದ ನಾನು ಸಾರು ಮಾಡುತ್ತೇನೆ.
ನನ್ನಿಂದ ನಾನು ಬೀಗ ಹಾಕುತ್ತೇನೆ.
ಹಿ, ತೊ, ರಿ.
ಹೊಟ್ಟೆಯೊಳಗೆ ಮುಳ್ಳು ಹಾಗೇ ಇದೆಯಲ್ಲ ಮೇಡಂ,
ಅನ್ನಲಿಲ್ಲ.

ಮನೆಗೆಲಸ: ಐದು ವಾಕ್ಯ.
ಅಮ್ಮ ತೊ ಸಂತೆಗೆ. ತಂಗಿ ತೊ ಆಸ್ಪತ್ರೆಗೆ.
ನಾಲ್ಕು ಮುಗಿದವು.
ಐದನೆಯದು ಕರೆಂಟು ಹೋಗಿದ್ದಾಗ ಬರೆದದ್ದು:
ಗಂಡನಿಂದ ಬೇರೆಯಾದೆ.
ಗಂಡ ಅಂದರೆ ಒತ್ತೊ. ಇಂದ ಅಂದರೆ ಕರ.
ಒತ್ತೊ ಕರ ವಕರೆಮಾಶಿತ.

ಪುಸ್ತಕ ವಾಪಸು ಬಂತು.
ಕರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ: ತೊ.
‘ಬೇರೆಯಾಗೋದಕ್ಕೂ ಇದೇನೇ.
ಮದುವೆಗೂ, ಜಗಳಕ್ಕೂ. ಇಬ್ಬರಿಲ್ಲದೆ ಆಗೋ ಕೆಲಸ ಅಲ್ಲ ಅಲ್ವಾ.’
ಮತ್ತೇನೂ ಕೇಳಲಿಲ್ಲ. ಕೊಟ್ರೇಶಿಯ ಪುಸ್ತಕ ತೆಗೆದರು.

ಒತ್ತೊ ತೊ.
ಹೇಳಿದರೆ ತೊದಲಿದ ಹಾಗೆ ಕೇಳುತ್ತದೆ.

ನಿಟುವಳ್ಳಿಯಲ್ಲಿ ನನ್ನನ್ನು ಗಂಡ ಬಿಟ್ಟಾಕೆ ಅನ್ನುತ್ತಾರೆ.
ಯಾರು ಯಾರನ್ನು ಬಿಟ್ಟರೆಂದು
ಆ ಮಾತಿಗೇ ಗೊತ್ತಿಲ್ಲ.

ಕೋರ್ಟಿನಲ್ಲಿ ಆವತ್ತು ಅವನ ಪೆನ್ನು ಬರೆಯಲಿಲ್ಲ,
ನನ್ನದು ಕೊಟ್ಟೆ.
ಒಂದೇ ಪೆನ್ನಿನ ಎರಡು ಸಹಿ, ಒಂದು ಸ್ವಲ್ಪ ಓರೆ.
ಹೊರಗೆ ಬಿಸಿಲು. ಹಸಿವು ಇಬ್ಬರಿಗೂ ಇತ್ತು,
ಅದನ್ನು ಬೇರೆ ಮಾಡಿ ಅಂತ ಅರ್ಜಿಯಲ್ಲಿ ಬರೆದಿರಲಿಲ್ಲ.
ದೋಸೆ ಬಂತು.
ಡಾಕ್ಟರು ಬೇಡ ಅಂದ ಮೇಲೆ ಎರಡು ವರ್ಷದಿಂದ ಮಾಡುತ್ತಿದ್ದ ಹಾಗೆ
ತನ್ನ ದೋಸೆಯ ಬೆಣ್ಣೆಯನ್ನು ಚಮಚದಲ್ಲಿ ಎತ್ತಿ
ನನ್ನ ತಟ್ಟೆಗೆ ಹಾಕಿದ.
ಹಾಕಿದ ಮೇಲೆ ಇಬ್ಬರಿಗೂ ತಿಳಿಯಿತು.
ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡೆವು.

ಒಂದೇ ಆಟೊ. ಅವನು ಮೊದಲು ಇಳಿದ.
‘ಚಿಲ್ಲರೆ ಇಲ್ಲ, ನೀನೇ ಕೊಟ್ಟಿರು,
ಆಮೇಲೆ ಕೊಡ್ತೀನಿ.’

ರಾತ್ರಿ ಪುಟದ ತುಂಬಾ ತಿದ್ದುತ್ತೇನೆ,
ಗೀರು ಬಾಗಿದ ಗೆರೆಗೆ ತಾಗಬೇಕು,
ಅದನ್ನು ದಾಟಬಾರದು.
ನಲವತ್ತು ತೊ. ಐವತ್ತು.
ಒಂದೆರಡು ಚೆನ್ನಾಗಿ ಬಂದಿವೆ.

ಅವನು ಕೊಡಬೇಕಾದ ಇಪ್ಪತ್ತು ರೂಪಾಯಿ
ಇನ್ನೂ ಬಾಕಿ.